ನಮ್ಮ ಮನೆಯ ಎರಡು ಕ್ಯಾಮೆರಾ

ಸೋದರಿಯರೇ, ನಿಮ್ಮ ಮನೆಯ ಬೀರುವಿನಲ್ಲಿ ಎಲ್ಲಕ್ಕಿಂತ ಗೌರವದ ಜಾಗ ಯಾವುದಕ್ಕೆ ಸಿಕ್ಕಿದೆಯೋ ನಾನು ಕಾಣೆ. ನಮ್ಮ ಮನೆಯಲ್ಲಿ ಮಾತ್ರ ಮೇಲಿನ ಅರೆ ನಮ್ಮವರ ಕ್ಯಾಮೆರಾಕ್ಕೆ ಮೀಸಲು. ನನ್ನ ಧಾರೆ ಸೀರೆ, ಮನೆ ಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು, ಎಲ್ಲವೂ ಅದರ ಕೆಳಗಿನ ಅರೆಯಲ್ಲಿ. ನಾನೇನೂ ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. (ಸ್ವಲ್ಪ ಪಟ್ಟಿದ್ದೇನೆ, ಸುಳ್ಳೇಕೆ ಹೇಳಲಿ?)

ನಮ್ಮವರು ಮದ್ದೂರಿನಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದವರು. ರೀಲಿನ ಕಾಲದವರಾದ್ದರಿಂದ ಡಿಜಿಟಲ್ ಎಂದರೆ ಮೊದಮೊದಲು ಮೂಗು ಮುರಿಯುತ್ತಿದ್ದರು. ಗಿರಾಕಿಗಳೇ ಕೇಳತೊಡಗಿದ ಮೇಲೆ 2009ರಲ್ಲಿ ನಿಕಾನ್ ಡಿ300 ಎಂಬ ಕ್ಯಾಮೆರಾ ಕೊಂಡರು. 2007ರ ಕೊನೆಗೆ ಮಾರುಕಟ್ಟೆಗೆ ಬಂದ, ಕಸುಬಿನವರು ಹಿಡಿಯುವ ಡಿಎಸ್‌ಎಲ್‌ಆರ್ ಅದು. ಒಂದು ಲೆನ್ಸ್ ಬಿಚ್ಚಿ ಇನ್ನೊಂದನ್ನು ಹಾಕಬಹುದು. ಎದುರಿಗಿರುವುದನ್ನು ಒಳಗಿನ ಕನ್ನಡಿಯ ಮೂಲಕ ನಮ್ಮ ಕಣ್ಣೇ ನೇರವಾಗಿ ನೋಡುತ್ತದೆ. ಆ ಹಣ ಹೊಂದಿಸಲು ನನ್ನ ನಾಲ್ಕು ಬಳೆ ಅಡವಿಗೆ ಹೋದವು. ಮೂರು ವರ್ಷದಲ್ಲಿ ಬಿಡಿಸಿಕೊಟ್ಟರು, ಅದು ಬೇರೆ ಮಾತು. ಆದರೆ ಬಳೆ ಕೊಟ್ಟವಳಿಗೆ ಕ್ಯಾಮೆರಾ ಮುಟ್ಟುವ ಹಕ್ಕು ಬಂತೇ? "ಏ, ಒಗ್ಗರಣೆ ಕೈ ಕಣೇ, ದೂರ ಇರು" ಎನ್ನುತ್ತಿದ್ದರು. ಸಾವಿರಾರು ಮದುಮಕ್ಕಳನ್ನು ಕಂಡ ಆ ಕ್ಯಾಮೆರಾದಲ್ಲಿ ನನ್ನದಾಗಲಿ, ನಮ್ಮ ಅತ್ತೆಯವರದಾಗಲಿ ನೆಟ್ಟಗಿನ ಒಂದು ಚಿತ್ರವೂ ಇರಲಿಲ್ಲ. ಮನೆಯವರು ತಾನೇ, ಎಲ್ಲಿ ಹೋಗುತ್ತಾರೆ, ನಾಳೆ ತೆಗೆದರಾಯಿತು ಎಂದುಕೊಂಡೇ ವರ್ಷಗಳು ಕಳೆದವು.

2019ರಲ್ಲಿ ನಮ್ಮವರ ಬಲಭುಜ ಹಿಡಿದುಕೊಂಡಿತು. ಕೈ ತಲೆಯ ಮಟ್ಟಕ್ಕೆ ಏರುವುದೇ ಕಷ್ಟ. ಅಷ್ಟರಲ್ಲಿ ಮದುವೆಯವರಿಗೂ ಸಿನಿಮಾದಂಥ ವಿಡಿಯೋ ಬೇಕು, ಮೇಲೆ ಹಾರುವ ಡ್ರೋನ್ ಬೇಕು. ಡಿ300ರಲ್ಲಿ ವಿಡಿಯೋ ಎಂಬುದೇ ಇಲ್ಲ. ಅಂಗಡಿಯ ಬಾಗಿಲು ಎಳೆದು ಬಂದರು. ಕ್ಯಾಮೆರಾ ಬೀರುವಿನ ಮೇಲಿನ ಅರೆ ಸೇರಿತು.

ಇಲ್ಲೊಂದು ನನ್ನ ಬುದ್ಧಿವಂತಿಕೆ ಕೇಳಿ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆಂದು ಅವರು ಯಾರಿಗೋ ಹೇಳುತ್ತಿದ್ದುದನ್ನು ಕೇಳಿಸಿಕೊಂಡು, ಅಕ್ಕಿ ತೇವ ಎಳೆದುಕೊಳ್ಳುತ್ತದಲ್ಲ ಎಂದು, ಅವರಿಲ್ಲದಾಗ ಒಂದು ಲೆನ್ಸನ್ನು ಅಕ್ಕಿ ಡಬ್ಬದಲ್ಲಿ ಹುದುಗಿಸಿಟ್ಟೆ. ಎರಡು ದಿನಕ್ಕೆ ಗೊತ್ತಾಯಿತು. ಆವತ್ತು ಬೈಸಿಕೊಂಡದ್ದು ಮದುವೆಯಾದ ಮೇಲೆ ಬೈಸಿಕೊಂಡದ್ದರಲ್ಲೆಲ್ಲಾ ಹೆಚ್ಚು. ಅಕ್ಕಿಯ ಧೂಳು ಲೆನ್ಸಿನ ಸಂದಿಗೆ ಸೇರಿದರೆ ಮುಗಿಯಿತಂತೆ. ನೀವು ಹಾಗೆ ಮಾಡಬೇಡಿ. ಚಪ್ಪಲಿ ಪೆಟ್ಟಿಗೆಯಲ್ಲೋ ಔಷಧಿ ಡಬ್ಬಿಯಲ್ಲೋ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ, ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಕಿ, ಅದರಲ್ಲಿ ಕ್ಯಾಮೆರಾ ಇಡಿ. ಆಗಾಗ ಹೊರಗೆ ತೆಗೆದು ಬೆಳಕು, ಗಾಳಿ ತೋರಿಸಿ.

2022ರಲ್ಲಿ ಬೆಂಗಳೂರಿನ ನನ್ನ ತಮ್ಮ ದೀಪಾವಳಿಗೆ ಬಂದವನು ತನ್ನ ಹಳೆಯದೊಂದನ್ನು ನನ್ನ ಕೈಗಿಟ್ಟ. "ಅಕ್ಕಾ, ಇದು ನಿಂಗೇ. ಭಾವಂಗಲ್ಲ" ಎಂದ. ನಿಕಾನ್ ಕೂಲ್‌ಪಿಕ್ಸ್ ಪಿ900. 2015ರದ್ದು, ನಮ್ಮವರದಕ್ಕಿಂತ ಎಂಟು ವರ್ಷ ಚಿಕ್ಕದು. ಇಂಥವನ್ನು ಬ್ರಿಡ್ಜ್ ಕ್ಯಾಮೆರಾ ಎನ್ನುತ್ತಾರೆ. ಜೇಬಿಗೆ ಹಾಕುವ ಚಿಕ್ಕ ಕ್ಯಾಮೆರಾಕ್ಕೂ ಕಸುಬಿನ ದೊಡ್ಡದಕ್ಕೂ ನಡುವೆ ಸೇತುವೆ ಇದ್ದಹಾಗೆ. ನೋಡಲು ದೊಡ್ಡದರಂತೆಯೇ, ಆದರೆ ಲೆನ್ಸ್ ಬಿಚ್ಚುವಂತಿಲ್ಲ, ಹುಟ್ಟಿದಾಗಿನಿಂದ ಅಂಟಿಕೊಂಡಿರುವುದೊಂದೇ. ಆ ಒಂದೇ ಲೆನ್ಸು 24 ಮಿಲಿಮೀಟರಿನಿಂದ 2000 ಮಿಲಿಮೀಟರಿನ ಲೆಕ್ಕದವರೆಗೆ ಚಾಚುತ್ತದೆ. 83 ಪಟ್ಟು ಜೂಮ್ ಎಂದು ಬರೆದಿರುವುದು ಇದನ್ನೇ. ಕಣ್ಣಿಗೆ ಕಾಣುವುದಕ್ಕಿಂತ 83 ಪಟ್ಟು ಹತ್ತಿರ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅದರ ಅತಿ ಉದ್ದವನ್ನು ಅತಿ ಗಿಡ್ಡದಿಂದ ಭಾಗಿಸಿದರೆ ಬರುವ ಸಂಖ್ಯೆ ಅಷ್ಟೆ. ನಮ್ಮ ಕಣ್ಣಿಗೆ ಸಹಜವೆನಿಸುವ 50 ಮಿಲಿಮೀಟರಿಗೆ ಹೋಲಿಸಿದರೆ 40 ಪಟ್ಟು. ಅದೇನು ಕಡಿಮೆಯೇ?

ಆ ಹುಣ್ಣಿಮೆಗೆ ತಾರಸಿಗೆ ಹೋಗಿ ಚಂದ್ರನ ಕಡೆ ತಿರುಗಿಸಿದೆ. ಚಂದ್ರ ಚೌಕಟ್ಟಿನ ಮುಕ್ಕಾಲು ಎತ್ತರ ತುಂಬಿಬಿಟ್ಟ! ಕುಳಿಗಳು, ಕಲೆಗಳು, ಎಲ್ಲವೂ ಸ್ಪಷ್ಟ. ತಮಾಷೆಯೆಂದರೆ ಅವನು ನಿಂತಲ್ಲಿ ನಿಲ್ಲುವುದಿಲ್ಲ. ಭೂಮಿ ತಿರುಗುತ್ತದೆ ಎಂದು ಏಳನೆಯ ಕ್ಲಾಸಿನಲ್ಲಿ ಉರು ಹೊಡೆದಿದ್ದೆ. ಎರಡೇ ನಿಮಿಷದಲ್ಲಿ ಚಂದ್ರ ತನ್ನಷ್ಟೇ ಅಗಲ ಸರಿದುಹೋಗುವುದನ್ನು ಕಂಡಾಗಲೇ ನಂಬಿಕೆ ಬಂದದ್ದು. ಬೀದಿಯ ಹುಡುಗರೆಲ್ಲಾ ಸರದಿಯಲ್ಲಿ ನಿಂತು ನೋಡಿದರು. ನಮ್ಮವರು ಕೆಳಗಿನಿಂದಲೇ, "ಅದು ಆಟದ ಸಾಮಾನು" ಎಂದರು.

ಆ ಮಾತು ನನಗೆ ನಾಟಿತು. ಜನವರಿಯಲ್ಲಿ ಒಂದು ಭಾನುವಾರ, "ನಡೀರಿ, ಎರಡನ್ನೂ ತಗೊಂಡು ಕೊಕ್ಕರೆ ಬೆಳ್ಳೂರಿಗೆ ಹೋಗೋಣ. ಯಾವುದು ಆಟದ್ದು ನೋಡೋಣ" ಎಂದೆ.

ಕೊಕ್ಕರೆ ಬೆಳ್ಳೂರು ನಮ್ಮ ತಾಲ್ಲೂಕಿನದೇ ಊರು, ಶಿಂಷಾ ನದಿಗೆ ಹತ್ತಿರ. ಅಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಕಾಡಿನಲ್ಲಲ್ಲ, ಊರೊಳಗೇ ಮನೆಗಳ ಪಕ್ಕದ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಅವನ್ನು ಕಾಣುತ್ತಾರೆ. ಸರ್ಕಾರ 2007ರಲ್ಲಿ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಿತು. ಊರವರ ಕಾವಲು ಅದಕ್ಕಿಂತ ಎಷ್ಟೋ ಹಳೆಯದು.

ನಮ್ಮವರ ಡಿ300 ಮತ್ತು ಅವರ 70-300 ಲೆನ್ಸು ಸೇರಿದರೆ ಒಂದೂವರೆ ಕಿಲೋ ಮೀರುತ್ತದೆ. ಭುಜದ ದೆಸೆಯಿಂದ ಒಂಟಿಕಾಲಿನ ಸ್ಟ್ಯಾಂಡೂ ಬಂತು. ನನ್ನದು ಬ್ಯಾಟರಿ, ಕಾರ್ಡು ಎಲ್ಲಾ ಸೇರಿ 899 ಗ್ರಾಂ. ಅದರ ಹಿಂದಿನ ಪರದೆ ಹೊರಳುತ್ತದಾದ್ದರಿಂದ ಸೊಂಟದ ಹತ್ತಿರ ಹಿಡಿದು, ತಲೆ ಬಗ್ಗಿಸಿ ನೋಡಿದರೆ ಸಾಕು. ಕುತ್ತಿಗೆ ನೋವಿನ ನನಗೆ ಇದೊಂದು ದೊಡ್ಡ ಉಪಕಾರ.

ಬಿಸಿಲೇರಿದ ಮೇಲೆ ಒಂದು ಗೂಡಿನಲ್ಲಿ ತಾಯಿ ಕೊಕ್ಕರೆ ಎರಡೂ ರೆಕ್ಕೆ ಅರಳಿಸಿ ನಿಂತಿತು. ಏಕೆಂದು ತಿಳಿಯಲಿಲ್ಲ. ಜೂಮ್ ಚಾಚಿದೆ. ರೆಕ್ಕೆಯ ಕೆಳಗೆ ಮೂರು ಮರಿಗಳು! ನಾವು ಕಂಕುಳ ಕೂಸಿಗೆ ಸೆರಗು ಮರೆಮಾಡುವುದಿಲ್ಲವೇ, ಹಾಗೆ ನೆರಳು ಹಿಡಿದಿತ್ತು. ಮರಿಯ ಬಾಯೊಳಗಿನ ಮೀನಿನ ಬಾಲ ಕೂಡ ನನಗೆ ಕಂಡಿತು. ನಮ್ಮವರ ಲೆನ್ಸು 300ರದ್ದು. ಆ ಕ್ಯಾಮೆರಾದಲ್ಲಿ 450ರಷ್ಟು ಕೆಲಸ ಮಾಡುತ್ತದೆ. ಅವರ ಚಿತ್ರದಲ್ಲಿ ಮರ ಇತ್ತು, ಗೂಡಿತ್ತು, ಮರಿಗಳನ್ನು ಹುಡುಕಬೇಕಾಗಿತ್ತು. ನನ್ನ ಪರದೆಗೆ ಬಗ್ಗಿ ನೋಡಿ "ಹೂಂ" ಎಂದರು. ನಮ್ಮವರ ಬಾಯಲ್ಲಿ "ಹೂಂ" ಎಂದರೆ ಬೇರೆಯವರ ಬಾಯಲ್ಲಿ ಶಭಾಷ್ ಎಂದಹಾಗೆ.

ಆದರೆ ಹಾರುವ ಹಕ್ಕಿ ಬಂತು ನೋಡಿ, ನನ್ನ ಗರ್ವ ಇಳಿಯಿತು. ಅಷ್ಟು ಜೂಮಿನಲ್ಲಿ ಹಕ್ಕಿ ಒಂದು ಚೂರು ಸರಿದರೆ ಬರೀ ಆಕಾಶ ಕಾಣುತ್ತದೆ. ಕಳೆದುಹೋದದ್ದನ್ನು ಹುಡುಕಲೆಂದೇ ಲೆನ್ಸಿನ ಪಕ್ಕದಲ್ಲಿ ಒಂದು ಗುಂಡಿಯಿದೆ. ಒತ್ತಿದರೆ ನೋಟ ಅಗಲವಾಗುತ್ತದೆ, ಬಿಟ್ಟರೆ ಮತ್ತೆ ಹತ್ತಿರ ಹೋಗುತ್ತದೆ. ಅಷ್ಟರಲ್ಲಿ ಕೊಕ್ಕರೆ ಶಿಂಷಾ ಸೇರಿರುತ್ತದೆ! ಒಂದೇ ಸಮನೆ ಒತ್ತಿದರೆ ಏಳು ಚಿತ್ರ ಪಟಪಟನೆ ತೆಗೆದು, ಆಮೇಲೆ ಅದನ್ನೆಲ್ಲಾ ಬರೆದುಕೊಳ್ಳುತ್ತಾ ಸುಮ್ಮನೆ ಕೂರುತ್ತದೆ. ಅತ್ತ ನಮ್ಮವರ ಹಳೆಯದು ಸೆಕೆಂಡಿಗೆ ಆರರಂತೆ ಟಕಟಕನೆ ಹೊಡೆಯುತ್ತಾ, 51 ಕಡೆ ಫೋಕಸ್ ಬಿಂದು ಹಾಕಿಕೊಂಡು ಹಕ್ಕಿಯ ಬೆನ್ನು ಬಿಡಲಿಲ್ಲ. ನೋವಿನ ಭುಜದಲ್ಲೇ ಮನುಷ್ಯ ತಿರುಗಿದ ಚುರುಕು ನೋಡಿ, ಹಿಂದೆ ಮದುವೆ ಮಂಟಪಗಳಲ್ಲಿ ಇವರು ಹೀಗೇ ಇದ್ದರೇನೋ ಅನ್ನಿಸಿತು. ನಾನು ನೋಡಿರಲಿಲ್ಲ. ನಾನು ಮನೆಯಲ್ಲಿರುತ್ತಿದ್ದೆನಲ್ಲ.

ಮಧ್ಯಾಹ್ನ ನದಿಯ ಆಚೆ ದಡಕ್ಕೆ ಗುರಿಯಿಟ್ಟದ್ದಂತೂ ವ್ಯರ್ಥವಾಯಿತು. ಕಾದ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ದೂರದ ಚಿತ್ರವೆಲ್ಲಾ ನಡುಗಿತು. ಎಷ್ಟೇ ಜೂಮ್ ಇದ್ದರೂ ನಡುವಿನ ಗಾಳಿಯನ್ನು ಒರೆಸಲಾಗುವುದಿಲ್ಲ. ದೂರದ ಹಕ್ಕಿಗೆ ಬೆಳಗಿನ ಹೊತ್ತೇ ಸರಿ.

ಮನೆಗೆ ಬಂದು ಮಗನ ಲ್ಯಾಪ್‌ಟಾಪಿನಲ್ಲಿ ಎರಡನ್ನೂ ಹಿಗ್ಗಿಸಿ ನೋಡಿದೆವು. ನನ್ನದು 16 ಮೆಗಾಪಿಕ್ಸೆಲ್, ಅವರದು 12.3. ಆದರೂ ಹತ್ತಿರದಿಂದ ನೋಡಿದರೆ ನನ್ನ ಕೊಕ್ಕರೆಯ ಗರಿ ನೀರಿನ ಬಣ್ಣ ಬಳಿದಂತಿತ್ತು. ಅವರದರಲ್ಲಿ ಎಳೆ ಎಳೆ ಬೇರೆ. ಹೀಗೇಕೆಂದು ಅವರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಮಳೆ ಬಂದಾಗ ಸೂರಿನ ಕೆಳಗೆ ಒಂದು ಬೋಗುಣಿ, ಒಂದು ಲೋಟ ಇಡಿ. ಒಂದೇ ಮಳೆ, ಯಾವುದಕ್ಕೆ ಹೆಚ್ಚು ಬೀಳುತ್ತದೆ? ಬೆಳಕು ಹಿಡಿಯುವ ಸೆನ್ಸರ್ ಎಂಬ ಪಾತ್ರೆ ಡಿ300ರಲ್ಲಿ ಅಂಚೆಚೀಟಿಯಷ್ಟಿದೆ, ಪಿ900ರಲ್ಲಿ ತೊಗರಿಕಾಳಿನಷ್ಟು. ಅಳತೆ ಮಾಡಿದರೆ ಸುಮಾರು 13ರಲ್ಲಿ ಒಂದು ಪಾಲು. ಸೆನ್ಸರ್ ಅಷ್ಟು ಚಿಕ್ಕದಾದ್ದರಿಂದಲೇ 2000ದ ಲೆನ್ಸು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಲು ಸಾಧ್ಯವಾದದ್ದು. ಒಂದನ್ನು ಕೊಟ್ಟು ಇನ್ನೊಂದನ್ನು ಕೊಂಡಿದ್ದಾರೆ. ಇನ್ನೂ ಒಂದು ವ್ಯತ್ಯಾಸ: ಡಿ300 ಕೇಳಿದರೆ ಚಿತ್ರವನ್ನು ಹಸಿ ಹಿಟ್ಟಿನಂತೆಯೇ ಕೊಡುತ್ತದೆ, ರಾ ಎನ್ನುತ್ತಾರೆ, ಬೇಕಾದ ಹದಕ್ಕೆ ನಾವೇ ಬೇಯಿಸಿಕೊಳ್ಳಬಹುದು. ಪಿ900 ಮುದ್ದೆಯನ್ನೇ ತಟ್ಟೆಗೆ ಹಾಕುತ್ತದೆ. ಬೆಂದದ್ದು ಬೆಂದಾಯಿತು.

ಇದೆಲ್ಲಾ ನನಗೆ ಚೆನ್ನಾಗಿ ಅರ್ಥವಾದದ್ದು ಆ ವರ್ಷದ ಡಿಸೆಂಬರಿನಲ್ಲಿ. ಅತ್ತೆಯವರಿಗೆ ಆಗ 81. ಸಂಜೆ ದೀಪ ಹಚ್ಚುವ ಹೊತ್ತು, ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಪಡುವಣದ ಕೆಂಪು ಬೆಳಕು ಮುಖದ ಒಂದು ಪಕ್ಕಕ್ಕೆ ಬಿದ್ದಿತ್ತು. ನಾನು ಒಳಗೋಡಿ ಪಿ900 ತಂದೆ. ಮೊದಲನೆಯದು ಅಲುಗಿತು. ಐಎಸ್‌ಒ ಏರಿಸಿ ತೆಗೆದ ಎರಡನೆಯದರಲ್ಲಿ ಮುಖಕ್ಕೆ ಮೈದಾ ಮೆತ್ತಿದಂತಾಯಿತು. ಸುಕ್ಕುಗಳೆಲ್ಲಾ ಮಾಯ. ಆ ಸುಕ್ಕುಗಳಿಲ್ಲದಿದ್ದರೆ ಅದು ನಮ್ಮ ಅತ್ತೆಯವರು ಹೇಗಾದೀತು?

ನಮ್ಮವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಹೇಳದೆ ಒಳಗೆ ಹೋದರು. ಬೀರು ತೆರೆದ ಸದ್ದಾಯಿತು. ಡಿ300ಕ್ಕೆ ರೀಲಿನ ಕಾಲದ ಅವರ ಹಳೆಯ 50 ಮಿಲಿಮೀಟರ್ ಲೆನ್ಸನ್ನು ಹಾಕಿ ತಂದರು. ಆ ಹಳೆ ಲೆನ್ಸು ಈ ಕ್ಯಾಮೆರಾಕ್ಕೂ ಹೊಂದುತ್ತದೆ, ಬೆಳಕನ್ನು ಧಾರಾಳವಾಗಿ ಒಳಬಿಡುತ್ತದೆ. ತಾವೇ ತೆಗೆಯುತ್ತಾರೆ ಎಂದುಕೊಂಡು ನಾನು ಪಕ್ಕಕ್ಕೆ ಸರಿದೆ. ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿದರು.

"ಎಲ್ಲಾ ಇಟ್ಟಿದ್ದೀನಿ. ಅವ್ವನ ಕಣ್ಣಿಗೆ ಫೋಕಸ್ ಮಾಡು. ಉಸಿರು ಬಿಗಿಹಿಡಿದು ಒತ್ತು."

"ಒಗ್ಗರಣೆ ಕೈ ಕಣ್ರೀ" ಎಂದೆ. ಅವರು ಉತ್ತರ ಕೊಡಲಿಲ್ಲ.

ಎಷ್ಟು ಭಾರ ಅಂತೀರಿ! ಅದರ ಕಿಂಡಿಯಲ್ಲಿ ಕಣ್ಣಿಟ್ಟರೆ ಪರದೆಯ ಚಿತ್ರವಲ್ಲ, ಅತ್ತೆಯವರೇ ಕಾಣುತ್ತಾರೆ. ಮೂರು ಸಲ ಒತ್ತಿದೆ. ಎರಡನೆಯದಕ್ಕೆ ಅವರು ತಲೆಯೆತ್ತಿ, "ಅದ್ಯಾಕವ್ವ ನಂಗೆ ಬಂದೂಕ ಗುರಿ ಹಿಡ್ದಂಗೆ ಹಿಡ್ದಿದ್ದೀಯೆ?" ಎಂದು ನಗುತ್ತಿದ್ದರು.

2024ರ ಜೂನಿನಲ್ಲಿ ಅತ್ತೆಯವರು ಹೋದರು. ಹನ್ನೊಂದನೆಯ ದಿನಕ್ಕೆ ಇಡಲು ಫೋಟೋ ಎಂದಾಗ ನಾದಿನಿಯರೆಲ್ಲಾ ಹುಡುಕಿದರು. ಒಬ್ಬರ ಬಳಿ ಮತದಾರರ ಚೀಟಿಯದು, ಇನ್ನೊಬ್ಬರ ಬಳಿ ಯಾರದೋ ಮದುವೆಯ ಗುಂಪಿನಲ್ಲಿ ಅರ್ಧ ಮುಖ. ನಮ್ಮವರು ಆ ಎರಡನೆಯ ಚಿತ್ರವನ್ನು 12 ಇಂಚಿಗೆ 18 ಇಂಚು ಮಾಡಿಸಿ ತಂದರು. ಬೆರಳಿಗಂಟಿದ ಅವರೆಯ ಸಿಪ್ಪೆ ಕೂಡ ಕಾಣುತ್ತದೆ. ಬಂದವರು ಯಾವ ಸ್ಟುಡಿಯೋದ್ದು ಎಂದು ಕೇಳಿದರೆ, "ನಮ್ಮ ಮನೆಯವಳು ತೆಗೆದದ್ದು" ಎನ್ನುತ್ತಿದ್ದರು. ನಾನು ಅಡಿಗೆಮನೆಯಿಂದ ಕೇಳಿಸಿಕೊಂಡೆ.

ಹೋದ ತಿಂಗಳು ಹಳೆ ಕ್ಯಾಮೆರಾ ಕೊಳ್ಳುವವನೊಬ್ಬ ಬಂದಿದ್ದ. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಬೂಷ್ಟು ಹುಡುಕಿದ, ಒಟ್ಟು ಎಷ್ಟು ಸಲ ಶಟರ್ ಬಿದ್ದಿದೆ ಎಂದು ಕೇಳಿದ. (ನೀವು ಹಳೆಯದು ಕೊಳ್ಳುವುದಾದರೆ ಈ ಎರಡನ್ನೂ ಮರೆಯದೆ ನೋಡಿ. ಡಿ300ಕ್ಕೆ ಬೇಕಾದ ದಪ್ಪನೆಯ ಸಿಎಫ್ ಕಾರ್ಡು ಈಗ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಅದನ್ನೂ ವಿಚಾರಿಸಿಕೊಳ್ಳಿ.) ಕೊನೆಗೆ ಅವನು ಹೇಳಿದ ಬೆಲೆಗೆ ನನ್ನ ಒಂದು ಬಳೆಯೂ ಬರುವುದಿಲ್ಲ. ನಮ್ಮವರು ನನ್ನ ಮುಖ ನೋಡಿದರು. "ಕೊಡೋದಿಲ್ಲಪ್ಪ, ಕಾಫಿ ಕುಡಿದು ಹೋಗು" ಎಂದೆ.

ಮೇಲಿನ ಅರೆಯಲ್ಲಿ ಈಗ ಎರಡೂ ಇವೆ. ಬೆಳ್ಳೂರಿಗೆ ಕೊಕ್ಕರೆಗಳು ಬರತೊಡಗಿವೆಯಂತೆ, ನನ್ನದನ್ನು ಚಾರ್ಜಿಗೆ ಹಾಕಿದ್ದೇನೆ. ಇದನ್ನು ಬರೆಯುತ್ತಿರುವಾಗ ನಮ್ಮವರು ಹೊರಗೆ ಜಗಲಿಯ ಮುಂದೆ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಅದರ ಮೇಲೆ ಹಳೆಯದನ್ನು ಕೂರಿಸಿ, ಅತ್ತೆಯವರು ಕೂರುತ್ತಿದ್ದ ಕಡೆಗೆ ತಿರುಗಿಸುತ್ತಿದ್ದಾರೆ. "ಲೇ, ಬೆಳಕು ಹೋಗುತ್ತೆ, ಬಂದು ಕೂತ್ಕೋ ಬಾ" ಎಂದು ಆಗಲೇ ಎರಡು ಸಲ ಕೂಗಿದರು. ಒಲೆಯ ಮೇಲೆ ಹಿತುಕಿದ ಬೇಳೆ ಸಾರಿದೆ. ಇಳಿಸಿ, ಸೀರೆ ಬದಲಾಯಿಸಿ ಬರುತ್ತೇನೆ ಎಂದಿದ್ದೇನೆ.