ಬಂಪರಿನ ಲೆಕ್ಕ

ನಮ್ಮ ಕಡೆ ಬಂಪರ್ ಎಂಬ ಮಾತು ಕಾರಿಗಿಂತ ಮೊದಲೇ ಬಂದು ಮನೆಮಾತಾಗಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ನೀರು ತುಂಬಿ ಹರಿದು, ಭತ್ತಕ್ಕೆ ರೋಗ ಬೀಳದೆ, ಕೊಯ್ಲಿನ ಹೊತ್ತಿಗೆ ಮಳೆ ಹೊಡೆಯದೆ ಹೋದರೆ ಅದು ಬಂಪರ್ ಬೆಳೆ. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಲ್ಲುವವರೆಗೆ ಹಬ್ಬಕ್ಕೊಂದು ಬಂಪರ್ ಬಹುಮಾನವೂ ಇತ್ತು; ನಮ್ಮ ಓಣಿಯಲ್ಲಿ ಯಾರಿಗೂ ಹತ್ತಲಿಲ್ಲ, ಆ ಮಾತು ಬೇರೆ. ಒಟ್ಟಿನಲ್ಲಿ ಬಂಪರ್ ಎಂದರೆ ಮನೆಗೆ ಬರುವಂಥದು. ಕಾರಿನ ಮುಂದಿರುವ ಬಂಪರ್ ಮಾತ್ರ ಹೋಗುವುದಕ್ಕೆಂದೇ ಹುಟ್ಟಿದ್ದು ಎಂದು ನನಗೆ ತಿಳಿದದ್ದು ಹೋದ ಸುಗ್ಗಿಯಲ್ಲಿ.

ನಮ್ಮದು ನವಲಿ. ಪತ್ರಿಕೆ ಓದುವವರಿಗೆ ಈ ಹೆಸರು ಎಷ್ಟೋ ವರ್ಷಗಳಿಂದ ಕೇಳಿಬರುವ ಸಮಾನಾಂತರ ಜಲಾಶಯದ ಸುದ್ದಿಯಿಂದ ಗೊತ್ತಿದ್ದೀತು. ಸುಗ್ಗಿ ಬಂತೆಂದರೆ ಇಲ್ಲಿನ ಓಣಿಗಳೆಲ್ಲ ಟ್ರ್ಯಾಕ್ಟರಿನವು. ಭತ್ತದ ಚೀಲ ಹೇರಿಕೊಂಡ ಟ್ರೇಲರೊಂದು ನಮ್ಮ ಮನೆಯ ಮುಂದೆ ಹಿಂದಕ್ಕೆ ಸರಿಯುವಾಗ, ಗೋಡೆಗೆ ಹೊಂದಿಸಿ ನಿಲ್ಲಿಸಿದ್ದ ನಮ್ಮ 2009ರ ಆಲ್ಟೊ ಕಾರಿನ ಮೂತಿಗೆ ತಾಗಿತು. ದೊಡ್ಡ ಸಪ್ಪಳವೇನೂ ಆಗಲಿಲ್ಲ. ಹಪ್ಪಳ ಮುರಿದಂಥ ಸಪ್ಪಳ. ಹೊರಗೆ ಬಂದು ನೋಡಿದರೆ ಬಂಪರ್ ಎಡಗಡೆ ಎರಡು ಸೀಳಾಗಿ ನೆಲಕ್ಕೆ ಜೋತುಬಿದ್ದಿತ್ತು.

ಟ್ರ್ಯಾಕ್ಟರ್ ನಡೆಸುತ್ತಿದ್ದ ಹುಡುಗ ನಾಲ್ಕನೆಯ ಇಯತ್ತೆಯಲ್ಲಿ ನನ್ನ ಕೈಯಲ್ಲೇ ಕಲಿತವನು. ಲೆಕ್ಕದಲ್ಲಿ ಚುರುಕು. ಏಳನೆಯದಕ್ಕೆ ಶಾಲೆ ಬಿಟ್ಟು, ಮುಂಗಡ ಹಿಡಿದು ಆಳಾಗಿ ನಿಂತಿದ್ದ. ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎಂದು ಕೈಮಾಡಬೇಕಾದವರು ಯಾರೂ ಇರಲಿಲ್ಲ. ಸಂಜೆಗೆ ಟ್ರ್ಯಾಕ್ಟರಿನ ಮಾಲೀಕರೇ ಬಂದರು.

“ಅಕ್ಕೋರ, ಖರ್ಚು ಎಷ್ಟ ಬರ್ತೈತಿ ಹೇಳ್ರಿ. ಇವನ ಪಗಾರದಾಗ ಮುರಕೊಂಡು ಕೊಡ್ತೀನಿ.”

ಹುಡುಗ ತಲೆ ಎತ್ತಲಿಲ್ಲ. ಮರುದಿನ ಗಂಗಾವತಿಯ ಗ್ಯಾರೇಜೊಂದಕ್ಕೆ ಫೋನು ಮಾಡಿದರೆ, ಬಂಪರ್, ಬಣ್ಣ, ಬಿಚ್ಚಿ ಕೂಡಿಸುವ ಕೂಲಿ ಎಲ್ಲಾ ಸೇರಿ 8,500 ರೂಪಾಯಿ ಅಂದರು. ನನಗೂ ಅದು ದೊಡ್ಡದೇ. ಆದರೆ ಕಟ್ಟಬೇಕಾದವನು ನಾನಲ್ಲ, ಅವನು.

ನಿಮ್ಮ ವಿಮೆ ಇಲ್ಲವೇನ್ರೀ ಎಂದು ಪಕ್ಕದ ಮನೆಯಾಕೆ ಕೇಳಿದಳು. ಇಷ್ಟು ಹಳೆಯ ಕಾರಿಗೆ ನಾವು ಕಟ್ಟುವುದು ಬರೀ ಥರ್ಡ್ ಪಾರ್ಟಿ ವಿಮೆ. ಅದು ಎದುರಿನವರ ನಷ್ಟಕ್ಕೆ, ನಮ್ಮದಕ್ಕಲ್ಲ. ಪೂರ್ತಿ ವಿಮೆ ಇದ್ದವರಿಗೂ ಬಂಪರಿನ ವಿಷಯದಲ್ಲಿ ಹೆಚ್ಚು ದಕ್ಕುವುದಿಲ್ಲ. ಪ್ಲಾಸ್ಟಿಕ್ ಸಾಮಾನಿಗೆ ಅರ್ಧ ಸವಕಳಿ ಎಂದು ಮೊದಲೇ ಕಳೆಯುತ್ತಾರೆ, ಸಣ್ಣ ಕಾರಾದರೆ ಮೇಲೆ ಒಂದು ಸಾವಿರ ನಮ್ಮ ತಲೆಗೇ, ಮುಂದಿನ ವರ್ಷದ ನೋ ಕ್ಲೈಮ್ ರಿಯಾಯಿತಿಯೂ ಹೋಯಿತು. ಬೇಕಾದರೆ ಲೆಕ್ಕ ಹಾಕಿ ನೋಡಿ.

ಹಾಗಾಗಿ ಮನೆಯಲ್ಲೇ ಕೂಡಿಸುವುದೆಂದು ಗಟ್ಟಿ ಮಾಡಿದೆ. ನಮ್ಮ ಮನೆಯವರಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆಸಿದ್ದೆವು. ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರರ ಅಪ್ಪಣೆ. ಹೇಳಬಾರದು ಎಂದು ಅಪ್ಪಣೆಯಾಗಿರಲಿಲ್ಲ. ಕರಿ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡರು.

ಗಂಗಾವತಿಯ ಸ್ಪೇರ್ ಪಾರ್ಟ್ ಅಂಗಡಿಯಲ್ಲಿ ಬಣ್ಣವಿಲ್ಲದ ಕರಿ ಬಂಪರ್ 1,600 ರೂಪಾಯಿಗೆ ಸಿಕ್ಕಿತು. ಹಳೆಯ ಕ್ಲಿಪ್ಪು ಬಿಚ್ಚುವಾಗ ಮುರಿಯುತ್ತವೆ ಎಂದು ಅಂಗಡಿಯವನೇ ಹೇಳಿ ಹನ್ನೆರಡು ಕ್ಲಿಪ್ಪು ಕೊಟ್ಟ, ಒಂದಕ್ಕೆ ಹತ್ತು ರೂಪಾಯಿ. ಬಸ್ಸಿನಲ್ಲಿ ಕಂಡಕ್ಟರು “ಇದೇನ್ರೀ ಅಕ್ಕಾರ, ದೋಣಿ?” ಅಂದ. ಎತ್ತಿ ನೋಡಿದರೆ ದೋಣಿಗಿಂತ ಹಗುರ. ಅಂಬಾಸಿಡರ್ ಕಾರಿನದು ಹೊಳೆಯುವ ಉಕ್ಕಿನ ಬಂಪರ್; ನಗ್ಗಿದರೆ ಬಡಿದು ಸರಿಮಾಡುತ್ತಿದ್ದರು. ಇದರ ಒಳಮೈಯಲ್ಲಿ ಅಚ್ಚೊತ್ತಿದ್ದ ಅಕ್ಷರ ಓದಿದೆ: ಪಿ.ಪಿ. ಅಂದರೆ ಪಾಲಿಪ್ರೊಪಿಲೀನ್. ಗಂಗಾವತಿಯ ಅಕ್ಕಿ ತುಂಬಿ ಊರೂರಿಗೆ ಹೋಗುವ ಹೆಣೆದ ಪ್ಲಾಸ್ಟಿಕ್ ಚೀಲವೂ ಇದರದೇ. ಚೀಲ ಹೊತ್ತ ಟ್ರೇಲರು ಬಂಪರಿಗೆ ಬಡಿದದ್ದು ಒಂಥರಾ ದಾಯಾದಿ ಜಗಳ ಅನ್ನಿ.

ಹಳೆಯದನ್ನೇ ಹಚ್ಚಿಸಬಾರದಿತ್ತೇ ಎಂದರೆ, ಅದನ್ನೂ ನೋಡಿದೆ. ಒಡೆದ ಕೊಡಕ್ಕೆ ಕಬ್ಬಿಣ ಕಾಯಿಸಿ ಪ್ಲಾಸ್ಟಿಕ್ ಕರಗಿಸಿ ತೇಪೆ ಹಚ್ಚುವವರು ಓಣಿಗೆ ಬರುತ್ತಿದ್ದರಲ್ಲ, ಬಂಪರಿನ ಸೀಳನ್ನೂ ಹಾಗೇ ಒಳಗಿನಿಂದ ತಂತಿಬಲೆ ಇಟ್ಟು ಹಚ್ಚಬಹುದು. ಆದರೆ ನಮ್ಮದರಲ್ಲಿ ಬೋಲ್ಟು ಕೂಡುವ ಕಿವಿಯೇ ಹರಿದಿತ್ತು. ಕಿವಿ ಹರಿದ ಮೇಲೆ ಓಲೆ ಎಲ್ಲಿ ನಿಲ್ಲುತ್ತದೆ?

ಭಾನುವಾರ ಹುಡುಗ ಪಾನಾ ಚೀಲ ಹಿಡಿದು ಬಂದ. ನಾನೇ ಹೇಳಿ ಕಳಿಸಿದ್ದೆ. ನೆಲಕ್ಕೆ ಹಳೆಯ ಕೌದಿ ಹಾಸಿದೆವು. ಬಿಚ್ಚಿದ ಬೋಲ್ಟು ಇಡಲು ಇಡ್ಲಿ ತಟ್ಟೆ ತಂದೆ: ಮೇಲಿನವು ಒಂದು ಗುಳಿಗೆ, ಎಡಗಾಲಿಯವು ಇನ್ನೊಂದಕ್ಕೆ, ಬಲಗಾಲಿಯವು ಮತ್ತೊಂದಕ್ಕೆ, ಕೆಳಗಿನವು ಕೊನೆಯದಕ್ಕೆ. ಹುಡುಗ ನಕ್ಕ, ಆಮೇಲೆ ಅವನೇ ಹುಡುಕಿ ಹುಡುಕಿ ಗುಳಿಗೆ ಹಾಕತೊಡಗಿದ.

ಬಾನೆಟ್ಟು ಎತ್ತಿದರೆ ಮೇಲಂಚಿನ ಬೋಲ್ಟುಗಳು ಕಣ್ಣಿಗೇ ಕಾಣುತ್ತವೆ. ಹತ್ತರ ಪಾನಾ ಸಾಕು. ಕಾಣದಿರುವುದು ಗಾಲಿಯ ಗೂಡಿನ ಸ್ಕ್ರೂಗಳು. ಸ್ಟೇರಿಂಗನ್ನು ಒಂದು ಕಡೆ ಪೂರ್ತಿ ತಿರುವಿದರೆ ಗಾಲಿ ಪಕ್ಕಕ್ಕೆ ಸರಿದು ಕೈ ಹೋಗುವಷ್ಟು ಜಾಗವಾಗುತ್ತದೆ, ಜಾಕು ಬೇಕಿಲ್ಲ. ಪ್ಲಾಸ್ಟಿಕ್ ಕ್ಲಿಪ್ಪಿಗೆ ನಡುವೆ ಒಂದು ಮೊಳೆ ಇರುತ್ತದೆ. ಮೊದಲು ಅದನ್ನು ಎತ್ತಬೇಕು, ಆಮೇಲೆ ಇಡೀ ಕ್ಲಿಪ್ಪು ತಾನೇ ಬಿಡುತ್ತದೆ. ಸುಮ್ಮನೆ ಎಳೆದರೆ ತಲೆ ಹಾರುತ್ತದೆ. ಇದಕ್ಕೆ ಚಪ್ಪಟೆ ಸ್ಕ್ರೂಡ್ರೈವರಿಗಿಂತ ನನ್ನ ಚಮಚದ ಹಿಡಿಕೆಯೇ ಒಳ್ಳೆಯದಾಯಿತು. ಕೊನೆಗೆ ಉಳಿಯುವುದು ಎರಡೂ ಬದಿಯ ಕೊಕ್ಕೆ. ಆ ಕಡೆ ಅವನು, ಈ ಕಡೆ ನಾನು, ಒಮ್ಮೆಲೇ ಹೊರಕ್ಕೆ ಎಳೆದೆವು. ‘ಟಕ್’ ಎಂದು ಬಂತು.

“ಸಾವಕಾಶ, ಸಾವಕಾಶ!” ಎಂದು ಕಟ್ಟೆಯಿಂದ ದನಿ.

ಅಡ್ಡ ಬಂದದ್ದು ನಂಬರ್ ಪ್ಲೇಟು. 2019ರ ಏಪ್ರಿಲಿಗೆ ಮುಂಚಿನ ವಾಹನಗಳಿಗೂ ಹೊಸ ನಮೂನೆಯ ಭದ್ರ ಪ್ಲೇಟು ಹಾಕಿಸಬೇಕೆಂದು 2023ರ ಆಗಸ್ಟಿನಲ್ಲಿ ಸರಕಾರದ ಆದೇಶವಾಯಿತಲ್ಲ, ನಾವೂ ಹಾಕಿಸಿದ್ದೆವು. ಅದರ ಬೀಗದಂಥ ಮೊಳೆ ಒಮ್ಮೆ ಮುರಿದರೆ ಮತ್ತೆ ಕೂಡುವುದಿಲ್ಲ, ಅವರ ಕೈಯಲ್ಲೇ ಹೊಸದಾಗಿ ಹಾಕಿಸಬೇಕು. ಹುಡುಗ ಬಂಪರನ್ನು ಬೋರಲು ಹಾಕಿ ನೋಡಿದ. ಪ್ಲೇಟು ಬೀಗದಿಂದ ಕೂತಿದ್ದು ಒಂದು ಚೌಕಟ್ಟಿಗೆ. ಚೌಕಟ್ಟು ಬಂಪರಿಗೆ ಕೂತಿದ್ದು ಹಿಂದಿನಿಂದ ಹಾಕಿದ ಸಾದಾ ಸ್ಕ್ರೂಗಳಿಂದ. ಚೌಕಟ್ಟು ಸಮೇತ ಬಿಡಿಸಿ ಹೊಸದಕ್ಕೆ ಕೂಡಿಸಿದ. ಏಳನೆಯದಕ್ಕೇ ಇವನನ್ನು ಶಾಲೆಯಿಂದ ಬಿಡಿಸಿದರಲ್ಲ ಎಂದು ನನಗೆ ಆಗ ಹೊಟ್ಟೆ ಉರಿಯಿತು.

ಬಂಪರ್ ತೆಗೆದ ಕಾರು ಹಲ್ಲಿನ ಕಟ್ಟು ತೆಗೆದಿಟ್ಟ ಅಜ್ಜಿಯ ಹಾಗೆ ಕಾಣುತ್ತದೆ. ಹೊಸದು ಹಾಕುವ ಅವಸರಕ್ಕಿಂತ ಮೊದಲು ಒಳಗೆ ನೋಡಬೇಕು: ಅಡ್ಡಪಟ್ಟಿ ಬಾಗಿದೆಯೇ, ರೇಡಿಯೇಟರ್ ಒಸರುತ್ತಿದೆಯೇ, ದೀಪ ಅಲುಗಾಡುತ್ತಿದೆಯೇ. ಪಟ್ಟಿಯೇ ಬಾಗಿದ್ದರೆ ಅದು ಮನೆಯ ಕೆಲಸವಲ್ಲ. ಏರ್‌ಬ್ಯಾಗ್ ಇರುವ ಈಗಿನ ಕಾರುಗಳಲ್ಲಿ ಪೆಟ್ಟು ಗುರುತಿಸುವ ಸೆನ್ಸರು ಮುಂಭಾಗದಲ್ಲೇ ಇರುವುದುಂಟು. ಅಂಥವಕ್ಕೆ ಕೈಹಾಕದೆ ತಿಳಿದವರಿಗೆ ಬಿಡುವುದೇ ಮೇಲು. ನಮ್ಮದಕ್ಕೆ ಆ ಭಾಗ್ಯವಿರಲಿಲ್ಲ.

ಹೊಸ ಬಂಪರನ್ನು ಅರ್ಧ ತಾಸು ಬಿಸಿಲಿಗಿಟ್ಟಿದ್ದೆವು, ಪ್ಲಾಸ್ಟಿಕ್ ಮೆತ್ತಗಾಗಲೆಂದು. ಆದರೂ ಒಂದು ತೂತು ಕಿರುಬೆರಳಷ್ಟು ಅತ್ತ ಕೂತಿತ್ತು. ಹುಡುಗ ಒಂದು ಬದಿ ಬಿಗಿದು ಇನ್ನೊಂದು ಬದಿ ಎಳೆಯಲು ಹೊರಟ. ನಾನು ತಡೆದೆ. ಜಂಪರ್ ಹೊಲಿಯುವಾಗ ಮೊದಲು ಕಚ್ಚಾ ಹೊಲಿಗೆ ಹಾಕುವುದಿಲ್ಲವೇ? ಎಲ್ಲಾ ಬೋಲ್ಟನ್ನೂ ಸಡಿಲಾಗಿ ಹಿಡಿಸಿ, ದೂರ ನಿಂತು ಎರಡೂ ಬದಿಯ ಸಂದು ಸಮ ಮಾಡಿ, ಆಮೇಲೆ ನಡುವಿನಿಂದ ಅಂಚಿಗೆ ಬಿಗಿಯುತ್ತ ಹೋದೆವು. ತೂತು ತಾನಾಗೇ ಎದುರು ಬಂತು. ಮಗ್ಗುಲ ತಗಡಿಗೆ ಗೀರು ಬೀಳದಂತೆ ಅಂಚಿಗೆ ಟೇಪು ಅಂಟಿಸಿದ್ದೆವು, ಅದನ್ನು ಕಿತ್ತಾಗ ಮಧ್ಯಾಹ್ನ ಒಂದೂವರೆ.

ಬಣ್ಣ ಮಾಡಿಸಲಿಲ್ಲ. ಈ ಪ್ಲಾಸ್ಟಿಕ್ಕಿಗೆ ಅದರದೇ ಪ್ರೈಮರ್ ಹಚ್ಚದಿದ್ದರೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ; ಸರಿಯಾಗಿ ಹಚ್ಚಿಸಿದರೆ ಬಂಪರಿಗಿಂತ ಬಣ್ಣವೇ ತುಟ್ಟಿ. ಬಿಳಿ ಕಾರಿಗೆ ಕರಿ ಬಂಪರ್. “ಮೀಸಿ ಬಂದಂಗಾತು” ಎಂದು ಪಕ್ಕದ ಮನೆಯಾಕೆ ನಕ್ಕಳು. ನಮ್ಮ ಮೈದುನ ಮಾತ್ರ, ಇನ್ನು ಮುಂದೆ ಬಡಿಯದ ಹಾಗೆ ಕಬ್ಬಿಣದ ಗಾರ್ಡು ಹಾಕಿಸಿರಿ ಅಂದ. ಅಂಥ ಗಾರ್ಡು ಕಾಯ್ದೆಗೆ ವಿರುದ್ಧ, ತೆಗೆಸಿರಿ ಎಂದು 2017ರ ಡಿಸೆಂಬರಿನಲ್ಲೇ ಕೇಂದ್ರದಿಂದ ರಾಜ್ಯಗಳಿಗೆ ಬರೆದಿದ್ದಾರೆ. ಕಾಯ್ದೆ ಹಾಗಿರಲಿ, ಕುರಿ ಹಿಂಡು, ಮಕ್ಕಳು, ಮುದುಕರು ಎಲ್ಲರೂ ನಡೆಯುವ ರಸ್ತೆಯಲ್ಲಿ ಕಬ್ಬಿಣದ ಕೋಡು ಕಟ್ಟಿಕೊಂಡು ಹೋಗುವುದು ನನಗೆ ಸೇರದು. ಮೆತ್ತನೆಯದು ಒಡೆದರೆ ಒಡೆಯಲಿ.

ಸಂಜೆ ಮಾಲೀಕರು ಬಂದರು. ನಾನು ಚೀಟಿ ಬರೆದಿಟ್ಟಿದ್ದೆ. ಬಂಪರ್ 1,600, ಕ್ಲಿಪ್ಪು 120, ಟೇಪು 40, ಕೂಡಿಸಿದ ಕೂಲಿ 600. ಒಟ್ಟು 2,360.

“ಎಂಟೂವರೆ ಸಾವಿರ ಅಂದಿದ್ರಲ್ರೀ!” ಎಂದು ಅವರ ಮುಖ ಅರಳಿತು. ಆಮೇಲೆ ಕೆಳಗಿನ ಸಾಲು ಕಂಡಿತು. “ಕೂಲಿ ಯಾರಿಗ್ರಿ?”

“ಕೂಡಿಸಿದವನಿಗೆ. ಗ್ಯಾರೇಜಿನವರಾಗಿದ್ರ ಬಿಡ್ತಿದ್ರೇನು?”

“ಬಡದಾಂವಾ ಅವನs ಅಲ್ರೀ?”

“ನಿಮ್ಮ ಕೆಲಸದ ಮ್ಯಾಲಿದ್ದಾಗ ಬಡದಾನ. ನಿಮ್ಮ ಗಾಡಿ, ನಿಮ್ಮ ಆಳು, ಹೊಣೆ ನಿಮ್ಮದು. ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿದ್ದು ಇಂಥಾದಕ್ಕs. ಅವನ ಪಗಾರದಾಗ ಮುರಕೊಳ್ಳೂದಾದ್ರ ಈ ಚೀಟಿ ಹರದು, ಗ್ಯಾರೇಜಿನ ಚೀಟಿ ನಿಮ್ಮ ವಿಮಾ ಕಂಪನಿಗೆ ಕಳಸ್ತೀನಿ. ಟ್ರ್ಯಾಕ್ಟರಿನ ವಿಮೆ ಚಾಲ್ತಿ ಐತೆಲ್ಲಾ?”

ಅವರು ಸ್ವಲ್ಪ ಹೊತ್ತು ಕಾರಿನ ಮೀಸೆ ನೋಡುತ್ತ ನಿಂತರು. ಆಮೇಲೆ ಕಿಸೆಗೆ ಕೈಹಾಕಿದರು.

ಆರು ನೂರು ಹುಡುಗನ ಕೈಗೆ ಅವರೆದುರೇ ಕೊಟ್ಟೆ. ಯುಗಾದಿಗೆ ಬೇವು-ಬೆಲ್ಲ ಕೊಡಲು ಅವನು ಬಂದಾಗ, ಪಗಾರದಲ್ಲಿ ಮುರಿದುಕೊಂಡರೇನೋ ಎಂದು ಕೇಳಿದೆ.

“ಇಲ್ರೀ ಅಕ್ಕೋರ, ಮುರಕೊಳ್ಳಿಲ್ಲ,” ಅಂದ. “ಆದ್ರ ಈಗ ಧಣೇರ ಮನ್ಯಾಗ ಯಾರ ಗಾಡಿ ಕೆಟ್ರೂ ನನ್ನ ಕಡೇನs ಬಿಚ್ಚಸ್ತಾರ್ರೀ. ಪುಕ್ಕಟೆ.”