ಸೀಸನ್ನಿನ ನಡುವೆ ಕೊಟ್ಟ ತೀರ್ಪು

2022ನೇ ಇಸವಿ ಮುಗಿಯುವಾಗ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಬೆಂಗಳೂರು ಎಫ್‌ಸಿ ತಂಡದ ಲೆಕ್ಕ ಹೀಗಿತ್ತು: ಆಡಿದ್ದು 12 ಪಂದ್ಯ, ಗೆದ್ದದ್ದು 3, ಡ್ರಾ 1, ಸೋತದ್ದು 8. ಕೈಯಲ್ಲಿದ್ದದ್ದು 10 ಅಂಕ. ಸುನಿಲ್ ಛೆಟ್ರಿ, ರಾಯ್ ಕೃಷ್ಣ ಅವರಂಥವರಿದ್ದೂ ಹನ್ನೆರಡು ಪಂದ್ಯಗಳಲ್ಲಿ ಹೊಡೆದ ಗೋಲು ಎಂಟೇ ಎಂಟು. ಅದೇ ಸೆಪ್ಟೆಂಬರಿನಲ್ಲಿ ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಎತ್ತಿದ್ದ ತಂಡ ಇದು. ಕ್ಲಬ್ ಹುಟ್ಟಿದ 2013ರಿಂದ ಅದರ ಹಿಂದೆ ಬಿದ್ದವನು ನಾನು. ಪಂದ್ಯ ನೋಡಲೆಂದೇ ಕುಂದಾಪುರದಲ್ಲಿ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು, ಸಂಜೆ ಕಂಠೀರವ ಕ್ರೀಡಾಂಗಣದಲ್ಲಿ ಗಂಟಲು ಹರಿದುಕೊಂಡವನು. ಆ ವಾರ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಉದ್ದದೊಂದು ವಿಮರ್ಶೆ ಬರೆದು ಹಾಕಿದೆ. ಕೋಚ್ ಸೈಮನ್ ಗ್ರೇಸನ್ ಹೋಗಬೇಕು, ಮುಂದಿನ ಸಾಲಿನ ಹುಡುಗರನ್ನು ಕೂರಿಸಬೇಕು, ಈ ಸೀಸನ್ ಮುಗಿಯಿತು ಎನ್ನುವುದು ಅದರ ಸಾರ.

ಆ ಬರಹದಿಂದ ಯಾರಿಗೂ ಏನೂ ಆಗಲಿಲ್ಲ. ಗ್ರೇಸನ್ ಅದನ್ನು ಓದುವವರಲ್ಲ, ಛೆಟ್ರಿಯೂ ಅಲ್ಲ. ಆದರೆ ಅದೇ ದಿನಗಳಲ್ಲಿ, ಅದೇ ಕೈಯಿಂದ, ಅದೇ ಧಾಟಿಯಲ್ಲಿ ಇನ್ನೊಂದು ತಂಡದ ಬಗ್ಗೆಯೂ ಒಂದು ವರದಿ ಬರೆದೆ. ನಾನು ಓದಿದ ಕಾಲೇಜಿನ ಫುಟ್‌ಬಾಲ್ ತಂಡ ಅದು. ಅಲ್ಲಿ ನನ್ನ ಮಾತಿಗೆ ತೂಕವಿತ್ತು. ಆ ತೂಕ ಹತ್ತೊಂಬತ್ತು ಇಪ್ಪತ್ತರ ಒಬ್ಬ ಹುಡುಗನ ಮೇಲೆ ಬಿತ್ತು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಫುಟ್‌ಬಾಲ್ ಮುಂದಿನ ಸಾಲಿನ ಆಟವಲ್ಲ. ಮಳೆ ಬಿಟ್ಟು ಕೊಯ್ಲು ಮುಗಿಯಿತೆಂದರೆ ಇಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾಟಗಳು. ಭಾನುವಾರ ಟೆನ್ನಿಸ್ ಬಾಲ್ ಕ್ರಿಕೆಟ್. ರಾತ್ರಿಯಾದರೆ ಯಕ್ಷಗಾನ ಮೇಳದ ಆಟ. ಇದಕ್ಕೆ ನೆಲದ ಕಾರಣವೂ ಇದೆ. ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ ಸಾಕು. ವಾಲಿಬಾಲಿಗೆ 18 ಮೀಟರ್ ಉದ್ದ, 9 ಮೀಟರ್ ಅಗಲ. ಶಾಲೆಯ ಅಂಗಳದಲ್ಲಿ, ಕೊಯ್ದ ಗದ್ದೆಯಲ್ಲಿ, ದೇವಸ್ಥಾನದ ಎದುರು ಎಲ್ಲಿ ಬೇಕಾದರೂ ಗೆರೆ ಎಳೆಯಬಹುದು. ಫುಟ್‌ಬಾಲಿಗೆ ನೂರು ಮೀಟರ್ ಉದ್ದದ ಸಮತಟ್ಟು ನೆಲ ಬೇಕು. ಘಟ್ಟಕ್ಕೂ ಕಡಲಿಗೂ ನಡುವಿನ ಈ ಕಿರಿದಾದ ಪಟ್ಟಿಯಲ್ಲಿ ಸಮತಟ್ಟಾದ ನೆಲವೆಲ್ಲ ಗದ್ದೆ, ತೋಟ. ಹಾಗಾಗಿ ದೊಡ್ಡ ಮೈದಾನ ಬೇಕೆಂದರೆ ಮುರಕಲ್ಲಿನ ಗುಡ್ಡ ಸಮತಟ್ಟು ಮಾಡಬೇಕು. ಅಂಥಲ್ಲಿ ಹುಲ್ಲು ಮಳೆಗಾಲದಲ್ಲಿ ಮಾತ್ರ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಹುಲ್ಲಿದ್ದಾಗ ನೆಲ ಕೆಸರು. ಕೆಸರು ಆರುವಷ್ಟರಲ್ಲಿ ಹುಲ್ಲೂ ಹೋಗಿ ಕೆಂಪು ಜಲ್ಲಿ ಮೇಲೆದ್ದಿರುತ್ತದೆ.

ಇಂಥ ನೆಲದಲ್ಲಿ ಕಾಲೇಜಿನ ಹುಡುಗರು ಒಂದು ತಂಡ ಕಟ್ಟಿಕೊಂಡು ನಿಲ್ಲುವುದೇ ದೊಡ್ಡದು. ಗಂಗೊಳ್ಳಿ, ಶಿರೂರು, ಉಪ್ಪುಂದದಿಂದ ಹೆದ್ದಾರಿ 66ರ ಬಸ್ಸುಗಳಲ್ಲಿ ಬರುವವರು, ಇತ್ತ ಕೋಟ, ಬಾರ್ಕೂರು ಕಡೆಯವರು. ತರಗತಿ ಮುಗಿಸಿ ಅಭ್ಯಾಸ ಮಾಡಿದರೆ ಕೊನೆಯ ಬಸ್ಸಿನ ಚಿಂತೆ. ದೈಹಿಕ ಶಿಕ್ಷಣದ ಮಾಷ್ಟ್ರು ಒಬ್ಬರೇ. ಅವರಿಗೆ ಕಬಡ್ಡಿ, ವಾಲಿಬಾಲ್, ಓಟ, ಎಸೆತ ಎಲ್ಲವೂ ತಲೆಯ ಮೇಲೆ. ಹಾಗಾಗಿ ಹಳೆ ವಿದ್ಯಾರ್ಥಿಯೊಬ್ಬ ಬಂದು ಫುಟ್‌ಬಾಲ್ ನೋಡಿಕೊಳ್ಳುತ್ತೇನೆ ಎಂದಾಗ ಅವರು ಸಂತೋಷದಿಂದ ಒಪ್ಪಿದರು. ಸಂಜೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಮೈದಾನಕ್ಕೆ ಹೋಗುವುದು ನನಗೆ ಅಭ್ಯಾಸವಾಯಿತು. ತರಬೇತಿ ಕೊಡುವ ಓದು ನನ್ನಲ್ಲಿರಲಿಲ್ಲ. ಆಟದ ಮೇಲಿನ ಪ್ರೀತಿ ಇತ್ತು, ನೋಡಿದ ಪಂದ್ಯಗಳ ನೆನಪಿತ್ತು.

ಆ ವರ್ಷ ನಮ್ಮವರು ಮೊದಲ ಪಂದ್ಯಗಳಲ್ಲಿ ಸಾಲಾಗಿ ಸೋತರು. ಬ್ರಹ್ಮಾವರದಲ್ಲಿ ಆಡಿದ ಪಂದ್ಯದಲ್ಲಂತೂ ಕೊನೆಯ ಹತ್ತು ನಿಮಿಷದಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಬಂದೆವು. ಅಷ್ಟರಲ್ಲಿ ಕ್ರಿಸ್‌ಮಸ್ ರಜೆ. ಮಾಷ್ಟ್ರು ತಂಡ ಹೇಗಿದೆ ಎಂದು ಕೇಳಿದರು. ನಾನು ಒಬ್ಬೊಬ್ಬ ಆಟಗಾರನ ಹೆಸರಿನ ಮುಂದೆ ಅಂಕ ಹಾಕಿ ವರದಿ ಬರೆದೆ. ಉಪ್ಪುಂದದ ಕಡೆಯಿಂದ ಬರುತ್ತಿದ್ದ ಗೋಲಿಯ ಹೆಸರಿನ ಮುಂದೆ ಬರೆದದ್ದು ಇಷ್ಟು: ‘ಬದಿಗೆ ಬಂದ ಚೆಂಡಿಗೆ ಹಾರುವುದಿಲ್ಲ. ಧೈರ್ಯ ಸಾಲದು. ಬದಲಾಯಿಸಬೇಕು.’

ಅವನು ಕೊನೆಯ ವರ್ಷದ ಬಿ.ಕಾಂ. ಹುಡುಗ. ಮಾಷ್ಟ್ರು ನನ್ನ ಮಾತು ನಂಬಿದರು. ರಜೆ ಮುಗಿದು ಮೊದಲ ಅಭ್ಯಾಸದ ದಿನ ಗೋಲಿಗೆ ಬೇರೆ ಹುಡುಗನನ್ನು ನಿಲ್ಲಿಸಿದೆ. ವರದಿಯಲ್ಲಿದ್ದ ಮಾತನ್ನೇ ಎಲ್ಲರ ಎದುರು ಅವನಿಗೂ ಹೇಳಿದೆ. ಅವನು ವಾದ ಮಾಡಲಿಲ್ಲ. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಕರೆ ಮಾಡಿದಾಗ ‘ನಾ ಬತ್ತಿಲ್ಲೆ ಅಣ್ಣ, ಪರೀಕ್ಷೆ ಇತ್ತ್’ ಎಂದಷ್ಟೇ ಹೇಳಿದ. ಧೈರ್ಯವಿಲ್ಲ ಎಂಬ ನನ್ನ ಮಾತಿಗೆ ಅದೇ ಸಾಕ್ಷಿ ಎಂದುಕೊಂಡೆ. ಹೊಸ ಗೋಲಿಯೂ ಅದೇ ರೀತಿಯ ಗೋಲುಗಳನ್ನು ಬಿಟ್ಟ. ಬದಿಗೆ ಬಂದ ಚೆಂಡಿಗೆ ಅವನೂ ಹಾರಲಿಲ್ಲ. ಆಗಲೂ ನನಗೆ ಅರ್ಥವಾಗಲಿಲ್ಲ.

ಅತ್ತ ಬೆಂಗಳೂರು ಎಫ್‌ಸಿ ಜನವರಿಯಲ್ಲಿ ಗುವಾಹಟಿಯ ನಾರ್ತ್‌ಈಸ್ಟ್ ಯುನೈಟೆಡ್ ತಂಡವನ್ನು 2-1ರಿಂದ ಸೋಲಿಸಿತು. ಆಮೇಲೆ ಒಡಿಶಾ, ಜಮ್‌ಶೆಡ್‌ಪುರ, ಚೆನ್ನೈಯಿನ್. ಫೆಬ್ರವರಿಯಲ್ಲಿ ಎಟಿಕೆ ಮೋಹನ್ ಬಗಾನ್, ಕೇರಳ ಬ್ಲಾಸ್ಟರ್ಸ್, ಅಲ್ಲಿಯವರೆಗೆ ಸೋಲೇ ಕಾಣದಿದ್ದ ಮುಂಬೈ ಸಿಟಿ, ಕೊನೆಗೆ ಎಫ್‌ಸಿ ಗೋವಾ. ಸಾಲಾಗಿ 8 ಪಂದ್ಯ, ಎಂಟರಲ್ಲೂ ಗೆಲುವು. ಹತ್ತು ಅಂಕದಿಂದ 34ಕ್ಕೆ ಏರಿ ನಾಲ್ಕನೇ ಸ್ಥಾನ. ನಾನು ಕಳಿಸಿಬಿಡಬೇಕು ಎಂದ ಕೋಚೇ ಇದ್ದರು. ಕೂರಿಸಬೇಕು ಎಂದ ಹುಡುಗರಲ್ಲಿ ಒಬ್ಬ ಶಿವಶಕ್ತಿ ನಾರಾಯಣನ್. ಅವನು ಆ ಲೀಗಿನಲ್ಲಿ 6 ಗೋಲು ಹೊಡೆದು ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದ.

ಗೆಲುವಿನ ಖುಷಿ ಇಳಿದ ಮೇಲೆ, ಡಿಸೆಂಬರಿನಲ್ಲಿ ನನಗೆ ಕಾಣದೇ ಹೋದದ್ದು ಏನು ಎಂದು ಹಳೆಯ ಫಲಿತಾಂಶಗಳನ್ನು ಮತ್ತೆ ನೋಡುತ್ತಾ ಹೋದೆ. ಉತ್ತರ ಅಲ್ಲೇ ಇತ್ತು. ಎಂಟು ಸೋಲುಗಳಲ್ಲಿ ಆರು ಸೋಲು ಒಂದೇ ಗೋಲಿನ ಅಂತರದ್ದು. ಮುಂಬೈ ಎದುರಿನ 0-4, ಹೈದರಾಬಾದ್ ಎದುರಿನ 0-3 ಬಿಟ್ಟರೆ ಎಲ್ಲ ಪಂದ್ಯವೂ ಕೊನೆಯವರೆಗೆ ಕೈಯೊಳಗೇ ಇತ್ತು. ಕೆಟ್ಟು ಹೋದ ತಂಡ ಹಾಗೆ ಸೋಲುವುದಿಲ್ಲ. ಮೊದಲ 12 ಪಂದ್ಯಗಳಲ್ಲಿ 8 ಗೋಲು ಹೊಡೆದವರು ಕೊನೆಯ 8ರಲ್ಲಿ 19 ಹೊಡೆದರು. 17 ಬಿಟ್ಟುಕೊಟ್ಟವರು ಆಮೇಲೆ ಬಿಟ್ಟದ್ದು 6. ಅಂಕಪಟ್ಟಿಯಲ್ಲಿ ಸೋಲು ಸೋಲೇ, ಅದಕ್ಕೆ ಸೊನ್ನೆ ಅಂಕ. ಸೋತದ್ದು ಹೇಗೆ ಎಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ನಾನು ಪಟ್ಟಿ ನೋಡಿ ತಂಡವನ್ನು ಅಳೆದಿದ್ದೆ.

ಹಾಗಾದರೆ ನಮ್ಮ ಕಾಲೇಜಿನ ತಂಡವನ್ನು ಹೇಗೆ ಅಳೆದೆ? ಈ ಪ್ರಶ್ನೆ ಒಮ್ಮೆ ಹುಟ್ಟಿದ ಮೇಲೆ ಬಿಡಲಿಲ್ಲ. ಮಾರ್ಚಿನ ಒಂದು ಭಾನುವಾರ ಆ ಹುಡುಗನ ಮನೆಗೆ ಹೋದೆ. ಅವನ ಅಮ್ಮ ‘ಬನ್ನಿ, ಕೂಕಣಿ’ ಎಂದು ಜಗಲಿಯಲ್ಲಿ ಕೂರಿಸಿ ಶರಬತ್ತು ಕೊಟ್ಟರು. ಅವನು ಬಂದು ಎದುರು ಕೂತ. ನೀನು ಯಾಕೆ ಹಾರುತ್ತಿರಲಿಲ್ಲ ಎಂದು, ಆ ಪ್ರಶ್ನೆಯನ್ನು ಮೊದಲ ಬಾರಿಗೆ, ಕೇಳಿದೆ. ಅವನು ಅಂಗಿಯ ತೋಳು ಮೇಲೆ ಸರಿಸಿ ಮೊಣಕೈ ತೋರಿಸಿದ. ಗಾಯದ ಮೇಲೆ ಗಾಯವಾಗಿ ಚರ್ಮ ಗಟ್ಟಿಯಾಗಿತ್ತು. ಸೊಂಟದ ಪಕ್ಕದಲ್ಲೂ ಹಾಗೇ ಅಂದ. ‘ಮುರದ್ ಮೇಲೆ ಬಿದ್ರೆ ಹದಿನೈದ್ ದಿನ ಮಲ್ಕಂಬುಕಾತಿಲ್ಲೆ ಅಣ್ಣ. ಹ್ಯಾಂಗೆ ಬೀಳ್ಕ್ ಅಂದ್ ನಂಗ್ ಯಾರೂ ಹೇಳ್ಕೊಡ್ಲಿಲ್ಲ.’

ಹೇಳಿಕೊಡಬೇಕಾದವನು ನಾನೇ ಆಗಿದ್ದೆ. ಫುಟ್‌ಬಾಲಿನ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅದನ್ನು ನಿಂತಲ್ಲಿಂದ ಕಾಯಲು ಯಾರಿಂದಲೂ ಆಗದು. ಹಾರಲೇಬೇಕು, ಹಾರಿದವನು ಬೀಳಲೇಬೇಕು. ಬೀಳುವುದು ಕಲಿತು ಬರುವ ವಿದ್ಯೆ. ಮೊಣಕೈ ಊರದೆ, ತೊಡೆಯ ಪಕ್ಕ, ಸೊಂಟ, ಭುಜ ಹೀಗೆ ಒಂದರ ಹಿಂದೊಂದು ನೆಲ ಮುಟ್ಟುವಂತೆ ಬೀಳಬೇಕು. ಅದನ್ನು ಮೊದಲು ಕೂತಲ್ಲಿಂದ, ಆಮೇಲೆ ಮೊಣಕಾಲ ಮೇಲೆ ನಿಂತು, ಕೊನೆಗೆ ಎದ್ದು ನಿಂತು ಕಲಿಸುತ್ತಾರೆ, ಅದೂ ಮೆತ್ತಗಿನ ನೆಲದ ಮೇಲೆ. ನಾನು ಅವನನ್ನು ಮುರಕಲ್ಲಿನ ಜಲ್ಲಿಯ ಮೇಲೆ, ತೆಳ್ಳಗಿನ ಅಂಗಿಯಲ್ಲಿ, ಒಂದು ಜೊತೆ ಒಳ್ಳೆಯ ಗ್ಲೌಸೂ ಇಲ್ಲದೆ ನಿಲ್ಲಿಸಿ, ಅವನ ಧೈರ್ಯಕ್ಕೆ ಅಂಕ ಹಾಕಿದ್ದೆ. ಮುಂದಾಳುಗಳಿಗೆ ಚೆಂಡು ಕೊಟ್ಟು ಶೂಟ್ ಮಾಡಿಸುವಾಗ ಅವನು ಗೋಲಲ್ಲಿ ನಿಂತಿರುತ್ತಿದ್ದ, ಅಷ್ಟೇ. ಅವನಿಗೆಂದು ಬೇರೆ ಅಭ್ಯಾಸ ಒಂದು ದಿನವೂ ಮಾಡಿಸಿರಲಿಲ್ಲ.

ಮರಳಿಗೆ ನಮ್ಮಲ್ಲಿ ಬರವಿಲ್ಲ. ಕೋಡಿಯ ಕಡಲತೀರ, ತ್ರಾಸಿ, ಮರವಂತೆ, ಬೈಂದೂರಿನ ಸೋಮೇಶ್ವರ, ಎಲ್ಲ ಕಡೆ ಮೆತ್ತಗಿನ ನೆಲ ಕೈಗೆಟಕುವ ದೂರದಲ್ಲಿ ಹಾಸಿಕೊಂಡು ಬಿದ್ದಿದೆ. ಮುಂದಿನ ವರ್ಷದಿಂದ ಹೊಸ ಗೋಲಿಗಳನ್ನು ವಾರಕ್ಕೊಮ್ಮೆ ಬೆಳಿಗ್ಗೆ ಕೋಡಿಗೆ ಕರೆದುಕೊಂಡು ಹೋಗಿ ಬೀಳುವುದನ್ನೇ ಕಲಿಸಿದೆವು. ಎರಡು ತಿಂಗಳೊಳಗೆ ಅವರು ಬದಿಯ ಚೆಂಡಿಗೆ ಹಾರತೊಡಗಿದರು. ಅವರ ಧೈರ್ಯ ಹೆಚ್ಚಲಿಲ್ಲ. ಧೈರ್ಯ ಮೊದಲೂ ಇತ್ತು. ನಾನು ಬೈದ ಹುಡುಗನಲ್ಲೂ ಇತ್ತು. ಮೊಣಕೈ ಸುಲಿದ ಮೇಲೂ ಅವನು ಅದೇ ನೆಲದ ಮೇಲೆ ವರ್ಷಗಟ್ಟಲೆ ನಿಂತಿದ್ದ.

ಇಲ್ಲಿ ಬೆಂಗಳೂರು ಎಫ್‌ಸಿಗೂ ನಮ್ಮ ತಂಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ನನ್ನನ್ನು ಈಗಲೂ ಕಾಡುವುದು ಅದೇ. ಬೆಂಗಳೂರು ತಂಡ ಆ ಸಲ ಫೈನಲ್‌ವರೆಗೆ ಹೋಯಿತು. ಬ್ಲಾಸ್ಟರ್ಸ್ ಎದುರು ಛೆಟ್ರಿ ಥಟ್ಟನೆ ಹೊಡೆದ ಫ್ರೀಕಿಕ್, ಮುಂಬೈ ಎದುರಿನ ಸೆಮಿಫೈನಲ್‌ನಲ್ಲಿ 9-8ರ ಪೆನಾಲ್ಟಿ ಗೆಲುವು, ಕೊನೆಗೆ 2023ರ ಮಾರ್ಚ್ 18ರಂದು ಗೋವಾದ ಫಟೋರ್ಡಾದಲ್ಲಿ ಮೋಹನ್ ಬಗಾನ್ ಎದುರು 2-2ರ ಸಮಬಲದ ನಂತರ ಪೆನಾಲ್ಟಿಯಲ್ಲಿ 3-4ರ ಸೋಲು. ಸೋತರೂ ಅವರಿಗೆ ಮುಂದಿನ ಸೀಸನ್ ಇತ್ತು. ಕಾಲೇಜಿನ ಆಟಗಾರನಿಗೆ ಇರುವುದು ಮೂರೇ ವರ್ಷ, ಅದರಲ್ಲಿ ಮಳೆ, ಪರೀಕ್ಷೆ, ರಜೆ ಕಳೆದರೆ ಉಳಿಯುವುದು ಕೆಲವೇ ತಿಂಗಳು. ಆ ಹುಡುಗ ಪದವಿ ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ. ನಾನು ಕ್ಷಮೆ ಕೇಳಿದೆ, ಅವನು ದೊಡ್ಡ ಮನಸ್ಸಿನಿಂದ ನಕ್ಕ. ಆದರೆ ಅವನ ಕೊನೆಯ ಅರ್ಧ ಸೀಸನ್ ಅವನಿಗೆ ವಾಪಸು ಬರಲಿಲ್ಲ. ಬರುವುದೂ ಇಲ್ಲ.

ತಾಳ್ಮೆಯಿಂದ ಕಾದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅದೇ ಗ್ರೇಸನ್ ಮರುವರ್ಷ ತಂಡವನ್ನು ಮೇಲೆತ್ತಲಾಗದೆ 2023ರ ಡಿಸೆಂಬರಿನಲ್ಲಿ ಹುದ್ದೆ ಬಿಡಬೇಕಾಯಿತು. 2023-24ರಲ್ಲಿ ಬೆಂಗಳೂರು 12 ತಂಡಗಳಲ್ಲಿ ಹತ್ತನೆಯದಾಯಿತು. ಬದಲಾವಣೆ ಬೇಕಾಗುವ ಕಾಲವೂ ಇರುತ್ತದೆ. ಸೀಸನ್ನಿನ ನಡುವೆ ನಿಂತು ತಂಡವನ್ನು ಅಳೆಯುವುದೂ ತಪ್ಪಲ್ಲ; ಅಳೆಯದಿದ್ದರೆ ತಿದ್ದುವುದು ಹೇಗೆ? ಅಳೆಯುವವನು ಮೊದಲು ನೋಡಬೇಕಾದ್ದನ್ನು ನೋಡಿರಬೇಕು.

ಈಗಲೂ ನಾನು ವರದಿ ಬರೆಯುತ್ತೇನೆ. ಮೊದಲ ಪುಟದಲ್ಲಿ ಆಟಗಾರರ ಹೆಸರಿಲ್ಲ, ಅಂಕವಿಲ್ಲ. ಅಲ್ಲಿ ನಮ್ಮ ಪ್ರಶ್ನೆಗಳಿರುತ್ತವೆ. ಸೋತದ್ದು ಎಷ್ಟು ಗೋಲಿನಿಂದ, ಯಾವ ನಿಮಿಷದಲ್ಲಿ? ಎದುರಾಳಿ ಯಾರು, ನೆಲ ಎಂಥದ್ದು? ಬಿಟ್ಟ ಗೋಲಿನ ಮೊದಲು ಚೆಂಡು ಯಾರಿಂದ ಯಾರಿಗೆ ಹೋಯಿತು, ಗೋಲಿಯ ಎದುರು ನಿಲ್ಲಬೇಕಾದವರು ಎಲ್ಲಿದ್ದರು? ಆ ಆಟಗಾರನಿಗೆ ನಾವು ಏನು ಕಲಿಸಿದ್ದೇವೆ, ಏನು ಕೊಟ್ಟಿದ್ದೇವೆ? ಕೊನೆಯದಾಗಿ, ಅವನ ಹತ್ತಿರ ಕೂತು ಕೇಳಿದ್ದೇವೆಯೇ? ಇವಕ್ಕೆಲ್ಲ ಉತ್ತರ ಬರೆದು ಮುಗಿಸುವಷ್ಟರಲ್ಲಿ ಎರಡನೇ ಪುಟದಲ್ಲಿ ಒಬ್ಬನನ್ನು ದೂರುವ ಮಾತು ಬರೆಯುವ ಅಗತ್ಯ ಬಹಳ ಸಲ ಉಳಿಯುವುದಿಲ್ಲ. ತಿದ್ದಬೇಕಾದ ಕೆಲಸ ಮೊದಲ ಪುಟದಲ್ಲೇ ಸಿಕ್ಕಿರುತ್ತದೆ, ಅದರಲ್ಲಿ ಹೆಚ್ಚಿನದು ದೊಡ್ಡವರ ಪಾಲಿನದ್ದು.

ನಮ್ಮ ಮೂರೂ ತಾಲೂಕುಗಳಲ್ಲಿ ಕಬಡ್ಡಿ, ವಾಲಿಬಾಲ್, ಕ್ರಿಕೆಟ್, ಫುಟ್‌ಬಾಲ್ ಯಾವುದೇ ಇರಲಿ, ಕಾಲೇಜು ತಂಡಗಳ ಬೆನ್ನಿಗೆ ನಿಂತ ಹಳೆ ವಿದ್ಯಾರ್ಥಿಗಳು ಬಹಳ ಮಂದಿ ಇದ್ದಾರೆ. ಜೆರ್ಸಿ ಕೊಡಿಸುತ್ತಾರೆ, ವ್ಯಾನಿನ ಬಾಡಿಗೆ ಕೊಡುತ್ತಾರೆ, ಕೆಲಸ ಬಿಟ್ಟು ಪಂದ್ಯಕ್ಕೆ ಬರುತ್ತಾರೆ. ಆ ಪ್ರೀತಿ ದೊಡ್ಡದು. ಅದಿಲ್ಲದೆ ಈ ತಂಡಗಳು ನಿಲ್ಲುವುದಿಲ್ಲ. ಆದರೆ ಅಷ್ಟು ಕೊಟ್ಟವನಿಗೆ ಸೋಲು ಹೆಚ್ಚು ನೋಯುತ್ತದೆ. ನೊಂದವನು ಬೇಗ ತೀರ್ಪು ಕೊಡುತ್ತಾನೆ, ಅದನ್ನು ಹುಡುಗರು ನಂಬಿಬಿಡುತ್ತಾರೆ. ಸೋತ ದಿನ ಏನೂ ಬರೆಯಬೇಡಿ, ಏನೂ ಹೇಳಬೇಡಿ. ಮರುದಿನ ಮೈದಾನಕ್ಕೆ ಹೋಗಿ, ಹುಡುಗ ನಿಲ್ಲುವ ಜಾಗದಲ್ಲಿ ನೀವು ನಿಂತು, ಅವನು ಬೀಳುವ ನೆಲದ ಮೇಲೆ ಒಮ್ಮೆ ಬಿದ್ದು ನೋಡಿ. ಆಮೇಲೆ ಅವನನ್ನು ಕರೆದು ಮಾತಾಡಿ. ವರದಿ ಅದಾದ ಮೇಲೆ ಬರೆದರೆ ಸಾಕು.