ಹಿತ್ತಲ ಬಾಗಿಲಿನಿಂದ ಊರೊಳಗೆ

ಶಿರಸಿ ಪೇಟೆ ಹಿಂದೆ ಬಿದ್ದು ಇನ್ನೂ ಹತ್ತು ನಿಮಿಷವಾಗಿಲ್ಲ, ಆಗಲೇ ರಸ್ತೆ ಕಾಡಿಗೆ ಇಳಿದಿದೆ. ಮುಂಗಾರಿನ ಮೊದಲ ವಾರ. ಜೀರುಂಡೆಗಳ ಸದ್ದು ಕಿವಿ ತುಂಬುತ್ತಿದೆ, ಒದ್ದೆ ಮಣ್ಣಿನ ವಾಸನೆ ವ್ಯಾನಿನೊಳಗೂ ನುಗ್ಗಿದೆ. ಬೆಂಗಳೂರಿನ ತಾರಸಿಗಳಲ್ಲಿ ಟೊಮೆಟೊ, ಪುದೀನ ಬೆಳೆಯುವ ಹನ್ನೆರಡು ಮಂದಿಯನ್ನು ಕರೆತಂದಿದ್ದೇನೆ. ದಿನಕ್ಕೆ ಮೂರೇ ಮನೆ, ಒಂದರಲ್ಲಿ ಊಟ. ಪ್ರವಾಸದ ಏರ್ಪಾಡು ಇಷ್ಟೇ. ಗುಂಪು ದೊಡ್ಡದಾದರೆ ಗಿಡ ಕಾಣುವುದಿಲ್ಲ, ಮುಂದಿನವರ ಬೆನ್ನಷ್ಟೇ ಕಾಣುತ್ತದೆ.

"ಆಸ್ರಿಗೆ ಎಂತ ಕೊಡ್ಲಿ?" ಮೊದಲ ಮನೆಯ ಅಕ್ಕ ಅಂಗಳದಲ್ಲೇ ಕೇಳುತ್ತಾರೆ. ಬಂದವರ ದಾಹ ತಣಿಯದೆ ಇಲ್ಲಿ ಮಾತು ಶುರುವಾಗುವುದಿಲ್ಲ. ಮುರುಗಲಿನ ಕಡುಗೆಂಪು ಪಾನಕ ಕುಡಿದು, ಜಗಲಿ ದಾಟಿ, ಅಡುಗೆಮನೆಯ ಹಿಂಬಾಗಿಲು ತೆರೆದರೆ ಹಸಿರು ಮೈಮೇಲೇ ಬರುತ್ತದೆ! ಬಚ್ಚಲ ನೀರು ಹರಿಯುವಲ್ಲಿ ಕೆಸು, ಪಕ್ಕದಲ್ಲೇ ಬಸಳೆ ಚಪ್ಪರ, ಬಾವಿಕಟ್ಟೆಯ ತೇವಕ್ಕೆ ಒಂದೆಲಗ, ಹಲಸಿನ ಮರಕ್ಕೆ ಹಬ್ಬಿದ ಕಾಳುಮೆಣಸು. ಅಳೆದು ಮಾಡಿದ ಮಡಿಗಳಿಲ್ಲ. ಯಾವುದಕ್ಕೆ ಎಲ್ಲಿ ನೀರೋ, ಎಲ್ಲಿ ನೆರಳೋ, ಅದು ಅಲ್ಲೇ ಬೇರೂರಿದೆ.

ಹಿತ್ತಲಾಚೆ ಅಡಿಕೆ ತೋಟ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಶಿರಸಿ ಅಡಿಕೆ ಇದೇ. ತೋಟದ ಮೇಲೆ ಸೊಪ್ಪಿನ ಬೆಟ್ಟ. ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೊಪ್ಪು ತರುವ ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು. ಬೆಟ್ಟದ ಸೊಪ್ಪು, ಒಣಗಿ ಉದುರಿದ ದರಕು ಕೊಟ್ಟಿಗೆಗೆ; ಕೊಟ್ಟಿಗೆಯ ಗೊಬ್ಬರ ತೋಟಕ್ಕೂ ಹಿತ್ತಲಿಗೂ. ಚೀಲದಲ್ಲಿ ಮಣ್ಣು ಕೊಳ್ಳುವ ನಮ್ಮವರು ಆ ಕಪ್ಪು ಗೊಬ್ಬರವನ್ನು ಅಂಗೈಗೆ ತೆಗೆದುಕೊಂಡು ಮೂಸುತ್ತಾರೆ. ಕಾಡಿನದೇ ವಾಸನೆ!

ಮಧ್ಯಾಹ್ನ ಹೊರಗೆ ಮಳೆ ಧೋ ಎನ್ನುತ್ತಿದೆ, ಒಳಗೆ ಬಾಳೆಲೆ ಹಾಸಿದೆ. ಬೆಳಿಗ್ಗೆ ಕಂಡ ಒಂದೆಲಗ ತಂಬುಳಿಯಾಗಿದೆ, ಕೆಸುವಿನೆಲೆ ಪತ್ರೊಡೆಯಾಗಿದೆ. ಉಪ್ಪುನೀರಿನಲ್ಲಿದ್ದ ಅಪ್ಪೆಮಿಡಿಯಿಂದ ಮಾಡಿದ ಅಪ್ಪೆಹುಳಿಯ ಸೊನೆಯ ಘಮಕ್ಕೆ ಸಾಲಿನಲ್ಲಿ ಮಾತೇ ನಿಂತಿದೆ. ಗಿಡದಿಂದ ಎಲೆಗೆ ಇಪ್ಪತ್ತೇ ಹೆಜ್ಜೆ.

ಕೊನೆಯ ಮನೆಯಲ್ಲಿ ಅಜ್ಜಿ ಅಟ್ಟ ತೋರಿಸುತ್ತಾರೆ. ಬಾಳೆನಾರಿನಲ್ಲಿ ತೂಗುಬಿಟ್ಟ ಮೊಗೆಕಾಯಿಗಳು, ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿದ ಸೌತೆಬೀಜ, ಬೂದಿ ಬೆರೆಸಿ ಡಬ್ಬಿಗೆ ತುಂಬಿದ ಅವರೆ. ಒಂದಿಷ್ಟು ನೆರೆಮನೆಯದು, ಒಂದಿಷ್ಟು ತವರಿನದು, ಮತ್ತಿಷ್ಟು ಬೀಜ ಉಳಿಸುವ ಹೆಣ್ಣುಮಕ್ಕಳ ವನಸ್ತ್ರೀ ಬಳಗ ಶಿರಸಿಯಲ್ಲಿ ನಡೆಸುವ ಮಲೆನಾಡು ಮೇಳದಿಂದ ಬಂದದ್ದು. ಹಿಡಿಬೀಜ ಕಾಗದದಲ್ಲಿ ಕಟ್ಟಿ ಕೊಡುತ್ತ ಅಜ್ಜಿ ಕೇಳುತ್ತಾರೆ:

"ನಿಮ್ಮ ಕಡೆದು ಎಂತ ಬೀಜ ತಂದ್ರಿ?"

ಹನ್ನೆರಡು ಜನರಲ್ಲಿ ಒಬ್ಬರ ಬಳಿಯೂ ಇಲ್ಲ. ನಾವೆಲ್ಲ ಅಂಗಡಿಯ ಪೊಟ್ಟಣ ಹರಿದು ಬಿತ್ತಿದವರು. ಇಂಥ ಪ್ರವಾಸಕ್ಕೆ ಏನು ಸಿದ್ಧತೆ ಬೇಕೆಂದು ಆ ಕ್ಷಣದಲ್ಲಿ ನನಗೆ ತಿಳಿಯಿತು.

ಮುಂದಿನ ಮಳೆಗಾಲಕ್ಕೆ ನೀವೂ ಬನ್ನಿ. ಈ ವರ್ಷ ನಿಮ್ಮ ಕುಂಡದ ಒಂದು ಕಾಯಿಯನ್ನು ಕೊಯ್ಯದೆ ಗಿಡದಲ್ಲೇ ಹಣ್ಣಾಗಲು ಬಿಡಿ. ಬರುವಾಗ ಅದರ ಬೀಜ ತನ್ನಿ.